ಜಾನ್‌ಸ್ಟೋನ್ ಜಲಸಂಧಿಯ ಓರ್ಕಾ ಕಯಾಕ್ ಯಾನ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ವ್ಯಾಂಕೂವರ್ ದ್ವೀಪದ ಈಶಾನ್ಯ ಅಂಚಿನ ಜಾನ್‌ಸ್ಟೋನ್ ಜಲಸಂಧಿಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ನಡೆಯುವ ಪ್ರವಾಸ. ಮೂರರಿಂದ ಆರು ದಿನ ಮಾರ್ಗದರ್ಶಕರೊಡನೆ ಕಯಾಕ್ ನಡೆಸುವುದು, ಸಂಜೆ ದಡದ ಕಾಡಂಚಿನಲ್ಲಿ ಡೇರೆ ಹಾಕಿ ತಂಗುವುದು, ಕಡಲಲ್ಲಿ ಸ್ವಚ್ಛಂದವಾಗಿ ಬದುಕುವ ಓರ್ಕಾಗಳು ಹಾದುಹೋಗುವುದನ್ನು ಕಾಯುವುದು ಇದರ ಸ್ವರೂಪ. ಎಂಜಿನ್ ದೋಣಿಯಲ್ಲಿ ಹೋಗಿ ಕೆಲವೇ ಗಂಟೆಗಳಲ್ಲಿ ತಿಮಿಂಗಿಲ ನೋಡಿ ಮರಳುವ ಪ್ರವಾಸಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಈ ಕಾಯುವಿಕೆಯೇ. ಕಯಾಕಿನಲ್ಲಿ ಹುಟ್ಟು ಹಾಕುತ್ತ ಗಂಟೆಗೆ ಐದಾರು ಕಿ.ಮೀ. ಸಾಗಬಹುದು; ಯಾವ ಅವಸರವೂ ಇಲ್ಲದೆ ಈಜುವ ಓರ್ಕಾ ಕೂಡ ಅದನ್ನು ಹಿಂದೆ ಹಾಕಿಬಿಡುತ್ತದೆ. ಆದ್ದರಿಂದ ಬೆನ್ನಟ್ಟುವ ಮಾತೇ ಇಲ್ಲ, ಅವು ಬರುವ ದಾರಿಯ ಬದಿಯಲ್ಲಿ ಹೋಗಿ ಕೂರಬೇಕು. ಆ ದಾರಿ ಯಾವುದು, ಅವು ಅಲ್ಲಿಗೇ ಏಕೆ ಬರುತ್ತವೆ, ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದೆಲ್ಲ 1970ರಿಂದ ಈಚೆಗೆ ತಿಳಿದುಬಂದದ್ದು. ಪ್ರವಾಸ ಬೆಳೆದದ್ದು ಆ ಸಂಶೋಧನೆಯ ಹಿಂದೆಯೇ.

ಸ್ಥಳ ಮತ್ತು ಕಡಲು

ಜಲಸಂಧಿಯ ಉದ್ದ ಸುಮಾರು 110 ಕಿ.ಮೀ., ಅಗಲ ಹೆಚ್ಚಿನ ಕಡೆ ಐದು ಕಿ.ಮೀ. ಮೀರದು. 1792ರಲ್ಲಿ ಈ ಕರಾವಳಿಯ ನಕ್ಷೆ ತಯಾರಿಸಿದ ಜಾರ್ಜ್ ವ್ಯಾಂಕೂವರನ ತಂಡದಲ್ಲಿದ್ದ ಜೇಮ್ಸ್ ಜಾನ್‌ಸ್ಟೋನನ ಹೆಸರನ್ನು ಇದಕ್ಕೆ ಇಡಲಾಗಿದೆ. ದಕ್ಷಿಣಕ್ಕೆ ವ್ಯಾಂಕೂವರ್ ದ್ವೀಪದ ಬೆಟ್ಟಗಳು ಕಡಿದಾಗಿ ನೀರಿಗೆ ಇಳಿಯುತ್ತವೆ. ಉತ್ತರಕ್ಕೆ ಹ್ಯಾನ್ಸನ್, ಹಾರ್ಬಲ್‌ಡೌನ್, ಪಶ್ಚಿಮ ಕ್ರಾಕ್ರಾಫ್ಟ್ ದ್ವೀಪಗಳು. ಅವುಗಳಾಚೆ ನೂರಾರು ನಡುಗಡ್ಡೆಗಳ ಬ್ರಾಟನ್ ದ್ವೀಪಸ್ತೋಮ. ಪ್ರವಾಸಗಳು ಹೊರಡುವುದು ಸಾಮಾನ್ಯವಾಗಿ ಟೆಲಿಗ್ರಾಫ್ ಕೋವ್ ಅಥವಾ ಪೋರ್ಟ್ ಮೆಕ್‌ನೀಲ್‌ನಿಂದ. ಟೆಲಿಗ್ರಾಫ್ ಕೋವ್ 1912ರಲ್ಲಿ ತಂತಿ ಸಂಪರ್ಕದ ಕೊನೆಯ ಠಾಣೆಯಾಗಿ ಹುಟ್ಟಿ, ಮೀನು ಉಪ್ಪು ಹಾಕುವ ಮತ್ತು ಮರ ಕೊಯ್ಯುವ ಊರಾಗಿ ಬೆಳೆದು, ಕಡೆಗೆ ತಿಮಿಂಗಿಲ ನೋಡಲು ಬರುವವರ ಊರಾಯಿತು. ನೀರಿನ ಮೇಲೆ ಮರದ ಕಂಬಗಳ ಆಸರೆಯಲ್ಲಿ ನಿಂತಿದ್ದ ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಹಲವು, ತಿಮಿಂಗಿಲಗಳ ಅಸ್ಥಿಪಂಜರಗಳನ್ನು ಇಟ್ಟಿದ್ದ ವಸ್ತುಸಂಗ್ರಹಾಲಯವೂ ಸೇರಿ, 2024ರ ಡಿಸೆಂಬರ್ 31ರ ಬೆಂಕಿಯಲ್ಲಿ ಸುಟ್ಟುಹೋದವು.

ಇಲ್ಲಿನ ಜೀವಸಮೃದ್ಧಿಗೆ ಕಾರಣ ಉಬ್ಬರವಿಳಿತ. ದಿನಕ್ಕೆರಡು ಬಾರಿ ಐದು ಮೀಟರಿನವರೆಗೂ ಏರಿಳಿಯುವ ಕಡಲು ಬ್ಲ್ಯಾಕ್‌ನಿ, ವೇಯ್ನ್‌ಟನ್ ಮುಂತಾದ ಕಿರುಗಾಲುವೆಗಳ ಮೂಲಕ ನುಗ್ಗುವಾಗ ತಳದ ತಣ್ಣೀರು ಮೇಲೆದ್ದು ಬೆರೆಯುತ್ತದೆ. ಅದರೊಡನೆ ಬರುವ ಲವಣಗಳಿಂದ ಸೂಕ್ಷ್ಮಸಸ್ಯಗಳು ಬೆಳೆಯುತ್ತವೆ, ಅವುಗಳಿಂದ ಕಿರುಜೀವಿಗಳು, ಅವುಗಳಿಂದ ಹೆರಿಂಗ್ ಮೀನು, ಹೀಗೆ ಸಾಲ್ಮನ್‌ವರೆಗೆ. ಇದೇ ಬೆರಕೆಯಿಂದಾಗಿ ಆಗಸ್ಟ್ ತಿಂಗಳ ಬಿಸಿಲಲ್ಲೂ ನೀರಿನ ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಮೊಟ್ಟೆಯಿಡಲು ಫ್ರೇಸರ್ ಮತ್ತಿತರ ನದಿಗಳಿಗೆ ಮರಳುವ ಸಾಲ್ಮನ್‌ಗಳಲ್ಲಿ ಹಲವು ಜುಲೈಯಿಂದ ಸೆಪ್ಟೆಂಬರ್‌ವರೆಗೆ ಈ ಇಕ್ಕಟ್ಟಿನ ದಾರಿಯನ್ನೇ ಹಿಡಿಯುತ್ತವೆ. ಓರ್ಕಾಗಳು ಬರುವುದು ಅವನ್ನು ಹುಡುಕಿಕೊಂಡು, ಪ್ರವಾಸಿಗರು ಬರುವುದು ಓರ್ಕಾಗಳನ್ನು ಹುಡುಕಿಕೊಂಡು. ಸಾಲ್ಮನ್ ಕಡಿಮೆಯಾದ ವರ್ಷ ಈ ಸರಪಳಿಯ ತುದಿಯಲ್ಲಿರುವ ಪ್ರವಾಸಿಗನಿಗೂ ಅದು ಗೊತ್ತಾಗುತ್ತದೆ.

ಓರ್ಕಾ ಸಂಸಾರ

ತಿಮಿಂಗಿಲವೆಂದು ರೂಢಿಯಲ್ಲಿ ಕರೆದರೂ ಓರ್ಕಾ ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಪ್ರಾಣಿ; ಓರ್ಸಿನಸ್ ಓರ್ಕಾ ಇದರ ಶಾಸ್ತ್ರೀಯ ನಾಮ. ಈ ಕಡಲಿನ ಗಂಡು ಸುಮಾರು ಏಳು ಮೀಟರ್ ಉದ್ದ ಬೆಳೆಯುತ್ತದೆ. ಅದರ ಬೆನ್ನಿನ ರೆಕ್ಕೆಯೊಂದೇ 1.8 ಮೀಟರ್ ಎತ್ತರ ಇರಬಹುದು. ಕಯಾಕಿನಲ್ಲಿ ಕುಳಿತವರ ಸೊಂಟ ಹೆಚ್ಚುಕಡಿಮೆ ನೀರಿನ ಮಟ್ಟದಲ್ಲೇ ಇರುವುದರಿಂದ ಆ ರೆಕ್ಕೆಯನ್ನು ತಲೆಯೆತ್ತಿ ನೋಡಬೇಕಾಗುತ್ತದೆ. ದೊಡ್ಡ ದೋಣಿಯ ಅಟ್ಟದ ಮೇಲೆ ನಿಂತವರಿಗೆ ಈ ಅಳತೆ ಅಷ್ಟಾಗಿ ತಟ್ಟುವುದಿಲ್ಲ.

ಈ ಕರಾವಳಿಯಲ್ಲಿ ಮೂರು ಬಗೆಯ ಓರ್ಕಾಗಳಿವೆ. ಒಂದೇ ನೀರಿನಲ್ಲಿ ಓಡಾಡಿದರೂ ಅವು ಬೆರೆಯುವುದಿಲ್ಲ. ‘ರೆಸಿಡೆಂಟ್’ ಎಂಬ ಬಗೆಯವು ಮೀನು ಮಾತ್ರ ತಿನ್ನುತ್ತವೆ, ಅದರಲ್ಲೂ ಚಿನೂಕ್ ಸಾಲ್ಮನ್. ಸಾಕೈ ಸಾಲ್ಮನ್ ಹಿಂಡುಹಿಂಡಾಗಿ ಹಾಯುತ್ತಿದ್ದರೂ ಅದನ್ನು ಬಿಟ್ಟು, ಅಪರೂಪದ ಆದರೆ ಕೊಬ್ಬು ಹೆಚ್ಚಿರುವ ಚಿನೂಕನ್ನೇ ಆರಿಸಿಕೊಳ್ಳುತ್ತವೆ. ‘ಬಿಗ್ಸ್’ ಅಥವಾ ‘ಟ್ರಾನ್ಸಿಯೆಂಟ್’ ಓರ್ಕಾಗಳ ಆಹಾರ ಸೀಲ್, ಕಡಲಸಿಂಹ, ಪಾರ್ಪಾಯ್ಸ್. ಬೇಟೆಗೆ ಸದ್ದು ಕೇಳಿಸಬಾರದೆಂದು ಅವು ಬಹುಮಟ್ಟಿಗೆ ಮೌನವಾಗಿ ಚಲಿಸುತ್ತವೆ. ಮೂರನೆಯ ಬಗೆ ‘ಆಫ್‌ಶೋರ್’ ದೂರದ ಕಡಲಿನದು. ಕಯಾಕಿನವರಿಗೆ ಕಾಣಸಿಗುವುದು ಬಲು ಅಪರೂಪ.

ರೆಸಿಡೆಂಟ್ ಓರ್ಕಾಗಳ ಬದುಕು ತಾಯಿಯ ಸುತ್ತ ನಡೆಯುತ್ತದೆ. ಗಂಡಾಗಲಿ ಹೆಣ್ಣಾಗಲಿ ಮರಿಗಳು ಬೆಳೆದ ಮೇಲೂ ತಾಯಿಯನ್ನು ಬಿಟ್ಟು ಹೋಗುವುದಿಲ್ಲ. ಹೆಣ್ಣು ಎಂಬತ್ತರ ಆಸುಪಾಸಿನವರೆಗೂ ಬದುಕಬಲ್ಲದು. ನಲವತ್ತರ ಹೊತ್ತಿಗೆ ಅದರ ಹೆರಿಗೆ ನಿಂತರೂ ಕುಟುಂಬವನ್ನು ಮೀನಿರುವ ಕಡೆಗೆ ಮುನ್ನಡೆಸುವುದು ಹೆಚ್ಚಾಗಿ ಇಂಥ ಅಜ್ಜಿಯೇ. ಪ್ರತಿ ಗುಂಪಿಗೂ ತನ್ನದೇ ಕೂಗುಗಳ ಕಟ್ಟು ಇದೆ. ಮರಿಗಳು ಅದನ್ನು ಹಿರಿಯರಿಂದ ಕಲಿಯುತ್ತವೆ. ಕೆನಡಾದ ಸಂಶೋಧಕ ಜಾನ್ ಫೋರ್ಡ್ ಈ ಕೂಗುಗಳ ಹೋಲಿಕೆಯನ್ನು ಹಿಡಿದು, ಈ ಜಲಸಂಧಿಗೆ ಬರುವ ಉತ್ತರದ ರೆಸಿಡೆಂಟ್‌ಗಳನ್ನು ಎ, ಜಿ, ಆರ್ ಎಂಬ ಮೂರು ಕುಲಗಳಾಗಿ ವಿಂಗಡಿಸಿದರು. ನೀರಿಗೆ ಇಳಿಬಿಟ್ಟ ಹೈಡ್ರೋಫೋನಿನಲ್ಲಿ ಕೇಳುವ ಕೂಗು ಯಾವ ಕುಲದ್ದೆಂದು ಅನುಭವಿ ಮಾರ್ಗದರ್ಶಕರು, ರೆಕ್ಕೆ ಕಣ್ಣಿಗೆ ಬೀಳುವ ಮೊದಲೇ, ಹೇಳುವುದುಂಟು.

ಇವುಗಳ ಇನ್ನೊಂದು ರೂಢಿ ಈ ಜಲಸಂಧಿಗೆ ಹೆಸರು ತಂದಿದೆ. ರಾಬ್ಸನ್ ಬೈಟ್ ಎಂಬ ಕಿರುಕೊಲ್ಲಿಯ ಬಳಿ ನುಣುಪಾದ ಉರುಟು ಕಲ್ಲುಗಳ ದಂಡೆಗಳಿವೆ. ಉತ್ತರದ ರೆಸಿಡೆಂಟ್‌ಗಳು ಆಳವಿಲ್ಲದ ನೀರಿಗೆ ಬಂದು ಹೊಟ್ಟೆ, ಪಕ್ಕೆಗಳನ್ನು ಆ ಕಲ್ಲುಗಳಿಗೆ ಉಜ್ಜಿಕೊಳ್ಳುತ್ತವೆ. ಚರ್ಮದ ಸಿಪ್ಪೆ ಕಳೆಯಲೋ, ಸುಖಕ್ಕೋ, ಕೂಟದ ಸಂಭ್ರಮಕ್ಕೋ ಎಂಬುದು ಇತ್ಯರ್ಥವಾಗಿಲ್ಲ. ವಾಷಿಂಗ್ಟನ್ ರಾಜ್ಯದ ಕಡೆ ಓಡಾಡುವ ದಕ್ಷಿಣದ ರೆಸಿಡೆಂಟ್‌ಗಳಲ್ಲಿ ಈ ಅಭ್ಯಾಸ ಇಲ್ಲದಿರುವುದನ್ನು ನೋಡಿದರೆ, ಇದು ತಲೆಮಾರಿನಿಂದ ತಲೆಮಾರಿಗೆ ಬಂದ ಮನೆತನದ ಪದ್ಧತಿಯೆಂದು ಭಾವಿಸಲು ಆಧಾರವಿದೆ.

ಬಂದೂಕಿನಿಂದ ಕ್ಯಾಮೆರಾಕ್ಕೆ

1960ರ ದಶಕದ ಆರಂಭದವರೆಗೂ ಇಲ್ಲಿನ ಮೀನುಗಾರರಿಗೆ ಓರ್ಕಾ ಸಾಲ್ಮನ್ ಕದಿಯುವ ಪೀಡೆಯಾಗಿತ್ತು. ಕೆನಡಾದ ಮೀನುಗಾರಿಕೆ ಇಲಾಖೆಯೇ ಕ್ಯಾಂಪ್‌ಬೆಲ್ ರಿವರ್ ಬಳಿ ಅವನ್ನು ಕೊಲ್ಲಲು ಮಷಿನ್ ಗನ್ ನೆಲೆಗೊಳಿಸಿತ್ತು. ಅದನ್ನು ಬಳಸುವ ಸಂದರ್ಭ ಬರಲಿಲ್ಲ. 1964ರಲ್ಲಿ ವ್ಯಾಂಕೂವರ್ ಮತ್ಸ್ಯಾಲಯದವರು ಶಿಲ್ಪಕ್ಕೆ ಮಾದರಿಯಾಗಲೆಂದು ಒಂದು ಓರ್ಕಾವನ್ನು ಕೊಲ್ಲಲು ತಂಡ ಕಳಿಸಿದರು. ಈಟಿ ತಗುಲಿಯೂ ಅದು ಸಾಯಲಿಲ್ಲ. ಅದನ್ನು ನಗರಕ್ಕೆ ಎಳೆದು ತಂದು ‘ಮೋಬಿ ಡಾಲ್’ ಎಂದು ಹೆಸರಿಟ್ಟರು. ಮೂರು ತಿಂಗಳೊಳಗೆ ಸತ್ತರೂ ಅದರ ಸೌಮ್ಯ ಸ್ವಭಾವ ಜನರ ಎಣಿಕೆಯನ್ನು ಬದಲಿಸಿತು. ಆ ಬದಲಾವಣೆಯ ಮೊದಲ ಫಲ ಮಾತ್ರ ಕಹಿಯೇ: ಪ್ರದರ್ಶನಕ್ಕಾಗಿ ಓರ್ಕಾಗಳನ್ನು ಬಲೆ ಹಾಕಿ ಹಿಡಿಯುವ ವ್ಯಾಪಾರ ಶುರುವಾಯಿತು. ಜಾನ್‌ಸ್ಟೋನ್ ಜಲಸಂಧಿಯ ಎ5 ಗುಂಪಿನ ‘ಕಾರ್ಕಿ’ಯನ್ನು 1969ರಲ್ಲಿ ಪೆಂಡರ್ ಹಾರ್ಬರ್‌ನಲ್ಲಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಒಯ್ಯಲಾಯಿತು.

ಎಷ್ಟು ಓರ್ಕಾಗಳಿವೆ ಎಂಬುದೇ ತಿಳಿಯದೆ ಹಿಡಿಯುತ್ತಿರುವುದನ್ನು ಕಂಡು, ನನೈಮೋದ ಪೆಸಿಫಿಕ್ ಜೀವವಿಜ್ಞಾನ ಕೇಂದ್ರದ ಮೈಕೇಲ್ ಬಿಗ್ ಅವರಿಗೆ ಎಣಿಸುವ ಕೆಲಸ ವಹಿಸಲಾಯಿತು. 1971ರ ಜುಲೈ 26ರಂದು ದೀಪಸ್ತಂಭದವರು, ಮೀನುಗಾರರು, ದೋಣಿಯವರೆಲ್ಲ ಕಂಡ ಓರ್ಕಾಗಳನ್ನು ಬರೆದು ಕಳಿಸಿದರು. ಸಾವಿರಾರು ಇವೆ ಎಂದು ನಂಬಿದ್ದಲ್ಲಿ ಸಿಕ್ಕಿದ್ದು ಕೆಲವು ನೂರರ ಲೆಕ್ಕ. ಅನಂತರ ಬಿಗ್ ಮತ್ತು ಸಹೋದ್ಯೋಗಿಗಳು ಬೆನ್ನಿನ ರೆಕ್ಕೆಯ ಕಚ್ಚುಗಳು, ಅದರ ಹಿಂದಿನ ಬೂದುಮಚ್ಚೆ ಇವುಗಳ ಫೋಟೋ ಹಿಡಿದು ಒಂದೊಂದು ಓರ್ಕಾವನ್ನೂ ಗುರುತಿಸಬಹುದೆಂದು ತೋರಿಸಿದರು. ಇವತ್ತು ಮಾರ್ಗದರ್ಶಕರು ಬಗಲಲ್ಲಿ ಇಟ್ಟುಕೊಳ್ಳುವ ಚಿತ್ರಸೂಚಿಗೆ ಇದೇ ಮೂಲ. ಉತ್ತರದ ರೆಸಿಡೆಂಟ್‌ಗಳು 1970ರ ದಶಕದಲ್ಲಿ ಸುಮಾರು 120 ಇದ್ದವು, ಈಗ 300ಕ್ಕೂ ಹೆಚ್ಚು. ದಕ್ಷಿಣದವು 80ಕ್ಕಿಂತ ಕಡಿಮೆ. ಕೆನಡಾದ ಕಾನೂನು ಮೊದಲನೆಯವನ್ನು ಅಪಾಯಕ್ಕೆ ಗುರಿಯಾದವು ಎಂದೂ ಎರಡನೆಯವನ್ನು ಅಳಿವಿನಂಚಿನವು ಎಂದೂ ಪಟ್ಟಿ ಮಾಡಿದೆ.

ಇದೇ ಕಾಲದಲ್ಲಿ, ಮತ್ಸ್ಯಾಲಯದ ಓರ್ಕಾಗಳನ್ನು ಅಭ್ಯಸಿಸಿದ್ದ ಪಾಲ್ ಸ್ಪಾಂಗ್ 1970ರಲ್ಲಿ ಹ್ಯಾನ್ಸನ್ ದ್ವೀಪದಲ್ಲಿ ಓರ್ಕಾಲ್ಯಾಬ್ ಸ್ಥಾಪಿಸಿದರು. ಮೊದಲ ವರ್ಷಗಳಲ್ಲಿ ಅವರು ಕಯಾಕಿನಲ್ಲಿ ಓರ್ಕಾಗಳ ನಡುವೆ ಹೋಗಿ ಕೊಳಲು ನುಡಿಸಿದ್ದೂ ಉಂಟು. ಆಮೇಲೆ ಹಿಂಬಾಲಿಸುವುದನ್ನೇ ಬಿಟ್ಟು, ಜಲಸಂಧಿಯ ಹಲವೆಡೆ ಹೈಡ್ರೋಫೋನ್ ಮುಳುಗಿಸಿ ದಡದಲ್ಲೇ ಕುಳಿತು ಆಲಿಸುವ ಪದ್ಧತಿ ತಂದರು. ಕಯಾಕ್ ಯಾನ ಮುಂದೆ ಕಂಡುಕೊಂಡ ಶಿಸ್ತಿಗೆ ಇದು ಮೇಲ್ಪಂಕ್ತಿ ಎನ್ನಬೇಕು. 1980ರಲ್ಲಿ ಟೆಲಿಗ್ರಾಫ್ ಕೋವ್‌ನಲ್ಲಿ ಪ್ರಾಂತ್ಯದ ಮೊದಲ ತಿಮಿಂಗಿಲ ವೀಕ್ಷಣೆಯ ದೋಣಿ ಉದ್ಯಮ ಆರಂಭವಾಯಿತು. 1981ರಲ್ಲಿ ಎರಿಕ್ ಹೋಯ್ಟ್ ಇಲ್ಲಿನ ಓರ್ಕಾಗಳ ಬಗ್ಗೆ ಬರೆದ ಪುಸ್ತಕ ಹೊರಬಂತು. ಹಣ ಕೊಟ್ಟು ಮಾರ್ಗದರ್ಶಕರೊಡನೆ ಹೊರಡುವ ಕಯಾಕ್ ಪ್ರವಾಸಗಳು ಆ ದಶಕದಲ್ಲಿ ಬೇರೂರಿದವು.

ರಾಬ್ಸನ್ ಬೈಟ್‌ಗೆ ಸೇರುವ ಸಿಟಿಕಾ ನದಿಯ ಕಣಿವೆಯಲ್ಲಿ ಮರ ಕಡಿದು ಕೊಲ್ಲಿಯಲ್ಲಿ ದಿಮ್ಮಿ ತೇಲಿಸುವ ಯೋಜನೆಗೆ ಎದ್ದ ವಿರೋಧದ ಫಲವಾಗಿ 1982ರಲ್ಲಿ ಆ ಕೊಲ್ಲಿ ಸಂರಕ್ಷಿತ ಜೀವಿನೆಲೆಯಾಯಿತು. 1990ರಲ್ಲಿ ಬಿಗ್ ತೀರಿಕೊಂಡ ಮೇಲೆ ಆ ಜೀವಿನೆಲೆಯ ಹೆಸರಿನಲ್ಲಿ ಅವರ ಹೆಸರನ್ನೂ ಸೇರಿಸಲಾಯಿತು. ಟೆಲಿಗ್ರಾಫ್ ಕೋವ್‌ನಿಂದ ಸುಮಾರು 20 ಕಿ.ಮೀ. ದೂರದ ಈ ಜಾಗಕ್ಕೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಕಯಾಕಿಗೂ ಇಲ್ಲ. ಎದುರು ದಡದ ಬಂಡೆಯ ಮೇಲಿಂದ ಬೇಸಿಗೆಯಿಡೀ ಕಾವಲುಗಾರರು ದುರ್ಬೀನು ಹಿಡಿದು ನೋಡುತ್ತಿರುತ್ತಾರೆ. ಗೆರೆ ದಾಟಿದ ದೋಣಿಗೆ ಇನ್ನೊಂದು ದೋಣಿಯಲ್ಲಿ ಬಂದು ತಿಳಿಹೇಳುತ್ತಾರೆ. 2007ರ ಆಗಸ್ಟ್‌ನಲ್ಲಿ ಬಾರ್ಜೊಂದು ವಾಲಿ, ಡೀಸೆಲ್ ತುಂಬಿದ ಟ್ಯಾಂಕರ್ ಸಹಿತ ಮರ ಕಡಿಯುವ ಯಂತ್ರಗಳು ಈ ರಕ್ಷಿತ ನೀರಿನಲ್ಲೇ ಮುಳುಗಿದವು. ಟ್ಯಾಂಕರನ್ನು ಮೇಲೆತ್ತಿದ್ದು 2009ರಲ್ಲಿ.

ಇಲ್ಲಿನ ಮಾರ್ಗದರ್ಶಕರು ಸಂಜೆಯ ಅಡುಗೆ ಹೊತ್ತಿನಲ್ಲಿ ತಪ್ಪದೆ ಹೇಳುವ ಕಥೆ ‘ಸ್ಪ್ರಿಂಗರ್’ನದು. ಎ73 ಸಂಖ್ಯೆಯ ಈ ಹೆಣ್ಣುಮರಿ ತಾಯಿಯನ್ನು ಕಳೆದುಕೊಂಡು 2002ರ ಆರಂಭದಲ್ಲಿ ಸಿಯಾಟಲ್ ಬಳಿ ಒಂಟಿಯಾಗಿ ಸಿಕ್ಕಿತು. ಕೂಗಿನ ಆಧಾರದ ಮೇಲೆ ಅದರ ಮನೆತನ ಗುರುತಿಸಿ, ಹಿಡಿದು, ಆರೈಕೆ ಮಾಡಿ, ಜುಲೈನಲ್ಲಿ ಹ್ಯಾನ್ಸನ್ ದ್ವೀಪದ ಕೊಲ್ಲಿಯೊಂದಕ್ಕೆ ತಂದು ಬಿಟ್ಟರು. ಅದು ತನ್ನ ಬಳಗವನ್ನು ಸೇರಿಕೊಂಡಿತು. 2013ರಲ್ಲಿ ಮೊದಲ ಮರಿ ಹಾಕಿತು.

ಕಯಾಕ್, ದಡ, ದಡದ ಜನ

ಕಯಾಕ್ ಈ ಕರಾವಳಿಯದಲ್ಲ. ಮರದ ಹಂದರಕ್ಕೆ ಸೀಲ್ ಚರ್ಮ ಹೊದಿಸಿದ ಈ ಬೇಟೆದೋಣಿ ಆರ್ಕ್‌ಟಿಕ್ ಪ್ರದೇಶದ ಇನ್ಯುಟ್ ಮತ್ತು ಅಲೂಷಿಯನ್ ದ್ವೀಪಗಳ ಉನಂಗನ್ ಜನರದು. ಇಲ್ಲಿನ ಕ್ವಾಕ್ವಾಕಾವಾಕ್ವ್ ಜನ ಬಳಸುತ್ತಿದ್ದುದು ಸೀಡರ್ ಮರದ ಬೊಡ್ಡೆ ಕೊರೆದು ಮಾಡಿದ ದೊಡ್ಡ ದೋಣಿ. ಈಗಿನ ಪ್ರವಾಸದ ಕಯಾಕ್ ಫೈಬರ್‌ಗ್ಲಾಸ್ ಅಥವಾ ಪ್ಲಾಸ್ಟಿಕ್ಕಿನದು. ಹೊಸಬರಿಗೆ ಕೊಡುವುದು ಸಾಮಾನ್ಯವಾಗಿ ಇಬ್ಬರು ಕೂರುವ, ಆರು ಮೀಟರಿಗೂ ಉದ್ದನೆಯ, ಕಾಲಿನಿಂದ ಚುಕ್ಕಾಣಿ ತಿರುಗಿಸುವ, ಮುಂದೆ ಹಿಂದೆ ಸಾಮಾನು ತುಂಬುವ ಮುಚ್ಚಳದ ಗೂಡುಗಳಿರುವ ಬಗೆ.

ಯಾತ್ರಿಕರು ಡೇರೆ ಹಾಕುವ ದಂಡೆಗಳಲ್ಲಿ ಕೆಲವು ಬೆಳ್ಳಗೆ ಹೊಳೆಯುತ್ತವೆ. ಅದು ಮರಳಲ್ಲ, ಸಾವಿರಾರು ವರ್ಷ ಇಲ್ಲಿ ಬಾಳಿದ ಜನ ತಿಂದು ಬಿಟ್ಟ ಚಿಪ್ಪುಗಳ ರಾಶಿ. ಗಾಳಿಮರೆ, ಸಿಹಿನೀರು, ದೋಣಿ ಎಳೆಯಲು ಇಳಿಜಾರು ಇರುವ ಒಳ್ಳೆಯ ತಂಗುದಾಣಗಳೆಲ್ಲ ಬಹುಮಟ್ಟಿಗೆ ಹಳೆಯ ಊರುಗಳೇ. ಮಿಮ್‌ಕ್ವಮ್ಲಿಸ್ ಎಂಬ ಊರಿನಲ್ಲಿ 1921ರ ಕ್ರಿಸ್‌ಮಸ್ ಸಮಯದಲ್ಲಿ ಡ್ಯಾನ್ ಕ್ರ್ಯಾನ್ಮರ್ ನಡೆಸಿದ ದೊಡ್ಡ ಪಾಟ್‌ಲ್ಯಾಚ್, ಅಂದರೆ ದಾನ ಮತ್ತು ನೃತ್ಯದ ಕೂಟ, ಸರ್ಕಾರದ ನಿಷೇಧ ಮೀರಿದ್ದೆಂದು ಮುಖವಾಡಗಳನ್ನೂ ತಾಮ್ರದ ಫಲಕಗಳನ್ನೂ ಮುಟ್ಟುಗೋಲು ಹಾಕಿಕೊಳ್ಳಲಾಯಿತು. 1885ರ ಆ ನಿಷೇಧ ಕಾನೂನಿನಿಂದ ಮರೆಯಾದದ್ದು 1951ರಲ್ಲಿ. ಮರಳಿ ಪಡೆದ ವಸ್ತುಗಳು 1980ರಲ್ಲಿ ಅಲರ್ಟ್ ಬೇಯಲ್ಲಿ ತೆರೆದ ಊಮಿಸ್ತಾ ಸಾಂಸ್ಕೃತಿಕ ಕೇಂದ್ರದಲ್ಲಿವೆ. ಕ್ವಾಕ್ವಾಕಾವಾಕ್ವ್ ಜನರ ಕಂಬಗಳಲ್ಲೂ ಮುಖವಾಡಗಳಲ್ಲೂ ಓರ್ಕಾ ಕೆಲವು ಮನೆತನಗಳ ಲಾಂಛನ. ಎಷ್ಟೋ ಪ್ರವಾಸಗಳು ಈ ಭಾಗವನ್ನು ಅರ್ಧ ದಿನದ ಭೇಟಿಯಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲ. ಸ್ಥಳೀಯರ ಒಪ್ಪಿಗೆ ಪಡೆದು, ಅವರನ್ನೇ ನಿರೂಪಕರಾಗಿ ಕರೆದೊಯ್ಯುವ ತಂಡಗಳೂ ಇವೆ.

ಯಾನದ ದಿನಚರಿ

ಇಲ್ಲಿ ಗಡಿಯಾರಕ್ಕಿಂತ ಉಬ್ಬರದ ಕೋಷ್ಟಕ ಮುಖ್ಯ. ಮುಂಜಾನೆ ದಟ್ಟ ಮಂಜು ಇರುತ್ತದೆ, ಮಧ್ಯಾಹ್ನ ಬಿಸಿಲೇರಿದಂತೆ ವಾಯವ್ಯದ ಗಾಳಿ ಎದ್ದು ಸಂಜೆಯ ಹೊತ್ತಿಗೆ ಅಲೆಗಳು ಬಿಳಿನೊರೆಯಾಗುತ್ತವೆ. ಹವೆ ಚೆನ್ನಾಗಿದ್ದಷ್ಟೂ ಈ ಗಾಳಿ ಜೋರು. ಹೊಸಬರಿಗೆ ಇದು ವಿಚಿತ್ರವೆನಿಸುತ್ತದೆ. ಆದ್ದರಿಂದ ದೂರ ಸಾಗುವುದೇನಿದ್ದರೂ ಬೆಳಿಗ್ಗೆ, ಅದೂ ಮಂಜು ತೆಳುವಾದ ಮೇಲೆ. ಅಲಾಸ್ಕಾಕ್ಕೆ ಹೋಗುವ ವಿಹಾರನೌಕೆಗಳು, ದಿಮ್ಮಿ ಎಳೆಯುವ ಟಗ್‌ಗಳು ಇದೇ ನೀರಿನಲ್ಲಿ ಸಾಗುವುದರಿಂದ ಜಲಸಂಧಿಯನ್ನು ಅಡ್ಡ ದಾಟುವ ಮುನ್ನ ಮಾರ್ಗದರ್ಶಕ ವಿಎಚ್‌ಎಫ್ ರೇಡಿಯೋದಲ್ಲಿ ತಿಳಿಸಿ, ಎಲ್ಲ ಕಯಾಕುಗಳನ್ನೂ ಒತ್ತಟ್ಟಿಗೆ ಸೇರಿಸಿ, ಒಂದೇ ಬೀಸಿನಲ್ಲಿ ದಾಟಿಸುತ್ತಾನೆ.

ಅಪಾಯವೆಂದರೆ ಓರ್ಕಾ ಅಲ್ಲ, ತಣ್ಣೀರು. ಸ್ವತಂತ್ರ ಓರ್ಕಾ ಮನುಷ್ಯನನ್ನು ಕೊಂದ ದಾಖಲೆ ಇಲ್ಲ. 2020ರಿಂದ ಸ್ಪೇನ್, ಪೋರ್ಚುಗಲ್ ಕಡಲಲ್ಲಿ ಹಾಯಿದೋಣಿಗಳ ಚುಕ್ಕಾಣಿ ಮುರಿಯುತ್ತಿರುವುದು ಬೇರೆಯೇ ಓರ್ಕಾ ಗುಂಪು. ಹತ್ತು ಡಿಗ್ರಿ ನೀರಿಗೆ ಬಿದ್ದವರಿಗೆ ಕೆನಡಾದಲ್ಲಿ ಕಲಿಸುವ ಲೆಕ್ಕ ಹೀಗಿದೆ: ಏದುಸಿರನ್ನು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವ ಮುನ್ನ ಒಂದು ಗಂಟೆ. ಈ ಕಾರಣಕ್ಕೆ ಮೊದಲ ದಿನವೇ ಮಗುಚಿದ ಕಯಾಕಿನಿಂದ ಹೊರಬರುವುದು, ಜೊತೆಯವರ ನೆರವಿನಿಂದ ಮತ್ತೆ ಹತ್ತುವುದು ಹೇಗೆಂದು ಹೇಳಿಕೊಡುತ್ತಾರೆ. ನೀರಿನ ಮೇಲಿರುವಷ್ಟು ಹೊತ್ತೂ ಲೈಫ್ ಜಾಕೆಟ್ ಕಳಚುವಂತಿಲ್ಲ. ಪ್ರಾಂತ್ಯದ ಮಾರ್ಗದರ್ಶಕರ ಒಕ್ಕೂಟ ತನ್ನದೇ ಪರೀಕ್ಷೆಗಳನ್ನು ನಡೆಸಿ ದರ್ಜೆವಾರು ಪ್ರಮಾಣಪತ್ರ ಕೊಡುತ್ತದೆ. ಪ್ರವಾಸ ಕಾದಿರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಊಟದ ಪಟ್ಟಿಯ ಬಗ್ಗೆ ಅಲ್ಲ, ಈ ಪ್ರಮಾಣಪತ್ರದ ಬಗ್ಗೆ.

ಶಿಬಿರಗಳು ಎರಡು ಬಗೆ. ಒಂದರಲ್ಲಿ ದಿನವೂ ಡೇರೆ ಕಿತ್ತು, ಸಾಮಾನೆಲ್ಲ ಕಯಾಕಿಗೆ ತುಂಬಿ ಮುಂದಿನ ದಂಡೆಗೆ ಹೋಗಬೇಕು. ಇನ್ನೊಂದರಲ್ಲಿ ಮರದ ಜಗಲಿಯ ಮೇಲೆ ಕಾಯಂ ಡೇರೆ, ಅಡುಗೆಮನೆ, ಕೆಲವೆಡೆ ಬಿಸಿನೀರೂ ಇರುವ ನೆಲೆಯಿಂದ ಹಗಲು ಹೊರಟು ಸಂಜೆ ಮರಳುವುದು. ಎರಡನೆಯದು ಸುಖದ್ದು, ದುಬಾರಿಯೂ ಹೌದು. ಓರ್ಕಾ ಕಾಣುವ ಅವಕಾಶದ ಮಟ್ಟಿಗೆ ಹೇಳಿಕೊಳ್ಳುವಂಥ ಅಂತರವಿಲ್ಲ. ಡೇರೆ ಹಾಕುವಾಗ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಮಧ್ಯರಾತ್ರಿ ನೀರು ಹಾಸಿಗೆಗೇ ಬರುತ್ತದೆ. ಕರಡಿಗಳಿರುವುದರಿಂದ ಆಹಾರವನ್ನು, ಸೋಪು, ಟೂತ್‌ಪೇಸ್ಟನ್ನು ಸಹ, ಡೇರೆಯಲ್ಲಿ ಇಡುವಂತಿಲ್ಲ. ಕಾಡ್ಗಿಚ್ಚಿನ ಭಯದ ದಿನಗಳಲ್ಲಿ ಬೆಂಕಿ ಹಾಕುವಂತಿಲ್ಲ.

ಓರ್ಕಾಗಳು ರಾತ್ರಿಯೂ ಸಂಚರಿಸುತ್ತವೆ. ಗಾಳಿಯಿಲ್ಲದ ಹೊತ್ತಿನಲ್ಲಿ ಅವು ಉಸಿರು ಬಿಡುವ ಸದ್ದು ಬಹುದೂರದಿಂದ ಕೇಳುತ್ತದೆ; ಡೇರೆಯೊಳಗಿಂದಲೇ ಎಷ್ಟು ಇವೆ, ಯಾವ ಕಡೆ ಹೊರಟಿವೆ ಎಂದು ಅಂದಾಜಿಸಬಹುದು. ಶಿಬಿರದಲ್ಲಿ ತಂಗುವುದರ ನಿಜವಾದ ಲಾಭ ಇದು. ಅವು ಬಾರದ ದಿನಗಳೂ ಬರಿದಲ್ಲ. 1967ರಲ್ಲಿ ಕೋಲ್ ಹಾರ್ಬರ್‌ನ ತಿಮಿಂಗಿಲ ಬೇಟೆಯ ಠಾಣೆ ಮುಚ್ಚಿದಾಗ ಈ ನೀರಿನಿಂದ ಬಹುತೇಕ ಮಾಯವಾಗಿದ್ದ ಹಂಪ್‌ಬ್ಯಾಕ್ ತಿಮಿಂಗಿಲಗಳು ಈಗ ಓರ್ಕಾಗಳಿಗಿಂತ ಹೆಚ್ಚು ಕಾಣಸಿಗುತ್ತವೆ. ಬಾಯಿ ತೆರೆದು ನೀರಲ್ಲಿ ಅಲುಗಾಡದೆ ನಿಂತು, ಹಕ್ಕಿಗಳಿಗೆ ಹೆದರಿದ ಹೆರಿಂಗ್ ಮೀನುಗಳು ತಾವಾಗಿ ಒಳಗೆ ನುಗ್ಗುವಂತೆ ಮಾಡುವ ಅವುಗಳ ಹೊಸ ಉಪಾಯವನ್ನು ಸಂಶೋಧಕರು 2011ರಲ್ಲಿ ಇಲ್ಲಿಯೇ ಮೊದಲು ದಾಖಲಿಸಿದರು. ಬಿಳಿಪಕ್ಕೆಯ ಡಾಲ್ಫಿನ್, ಕಡಲಸಿಂಹ, ಬೋಳುಹದ್ದು, ಕತ್ತಲಲ್ಲಿ ಹುಟ್ಟು ತಾಗಿದರೆ ಮಿನುಗುವ ನೀರು ಸಹ ಇಲ್ಲಿನ ನೋಟಗಳೇ.

ದೂರದ ನಿಯಮ

ಕಯಾಕಿಗೆ ಎಂಜಿನ್ ಇಲ್ಲ, ಹೊಗೆಯಿಲ್ಲ, ಆದ್ದರಿಂದ ಅದು ನಿರುಪದ್ರವಿ ಎಂಬ ಮಾತು ಪ್ರವಾಸದ ಜಾಹೀರಾತುಗಳಲ್ಲಿ ಸಾಮಾನ್ಯ. ಅರ್ಧ ಸತ್ಯ. ಎಂಜಿನ್ ಸದ್ದು ಓರ್ಕಾಗಳ ಕೂಗನ್ನೂ, ಮೀನು ಹುಡುಕಲು ಅವು ಹೊರಡಿಸುವ ಕ್ಲಿಕ್ ಸದ್ದನ್ನೂ ಮುಚ್ಚಿಬಿಡುತ್ತದೆ, ನಿಜ. ಆದರೆ ಸದ್ದಿಲ್ಲದ ಕಯಾಕ್ ಎಲ್ಲಿದೆಯೆಂದು ಓರ್ಕಾಕ್ಕೆ ಮೊದಲೇ ತಿಳಿಯದು. ದಡಕ್ಕೆ ಒತ್ತಿ ಮೀನು ಹಿಡಿಯುವಾಗಲೋ ಕಲ್ಲಿಗೆ ಮೈ ಉಜ್ಜುವಾಗಲೋ ಹತ್ತು ಕಯಾಕುಗಳು ಸಾಲಾಗಿ ಎದುರಾದರೆ ಕೆಲಸ ಬಿಟ್ಟು ಹೊರಟುಬಿಡುತ್ತದೆ. ಕಯಾಕುಗಳ ಸಮೀಪದಲ್ಲಿ ಅವುಗಳ ನಡವಳಿಕೆ ಬದಲಾಗುವುದನ್ನು ಇದೇ ಜಲಸಂಧಿಯಲ್ಲಿ ನಡೆದ ಅಧ್ಯಯನಗಳು ತೋರಿಸಿವೆ.

2018ರಲ್ಲಿ ತಿದ್ದುಪಡಿಯಾದ ಕೆನಡಾದ ನಿಯಮದಂತೆ ಈ ಕಡಲಲ್ಲಿ ಓರ್ಕಾಗಳಿಂದ ಕನಿಷ್ಠ 200 ಮೀಟರ್ ದೂರ ಇರಬೇಕು. ದಕ್ಷಿಣದ ರೆಸಿಡೆಂಟ್‌ಗಳ ನೆಲೆಯಲ್ಲಿ 2019ರಿಂದ ಅದು 400 ಮೀಟರ್ ಆಯಿತು. ಕಯಾಕಿಗೆ ವಿನಾಯಿತಿ ಇಲ್ಲ. ಓರ್ಕಾಗಳು ತಾವಾಗಿ ಹತ್ತಿರ ಬಂದರೆ ಹುಟ್ಟು ನಿಲ್ಲಿಸಿ, ಕಯಾಕುಗಳನ್ನು ಒಂದಕ್ಕೊಂದು ಹಿಡಿದು ತೆಪ್ಪದಂತೆ ಮಾಡಿ, ದಡ ಅಥವಾ ಕೆಲ್ಪ್ ಪಾಚಿಯ ಹಾಸಿಗೆ ಒತ್ತರಿಸಿ ಅವು ದಾಟುವವರೆಗೆ ಸುಮ್ಮನಿರಬೇಕು. ಕಾಸು ಕೊಟ್ಟು ಬಂದವರ ಆಸೆಗೂ ಈ ನಿಯಮಕ್ಕೂ ನಡುವೆ ನಿಲ್ಲುವವನು ಮಾರ್ಗದರ್ಶಕ. ಅವನ ಕೆಲಸದಲ್ಲಿ ಅತ್ಯಂತ ಕಷ್ಟದ್ದು ಇದೇ ಇರಬೇಕು.

ದೂರ ಪಾಲಿಸಿದರೆ ಸಾಲದು ಎಂಬುದೂ ಅಷ್ಟೇ ನಿಜ. ಈಚಿನ ವರ್ಷಗಳಲ್ಲಿ ರೆಸಿಡೆಂಟ್‌ಗಳು ಇಲ್ಲಿಗೆ ಬರುವುದು ಹಿಂದಿನಷ್ಟು ಖಚಿತವಾಗಿಲ್ಲ, ಸೀಲ್ ಬೇಟೆಯ ಬಿಗ್ಸ್ ಓರ್ಕಾಗಳು ಹೆಚ್ಚು ಕಾಣುತ್ತಿವೆ. ಸಾಲ್ಮನ್ ಕೊರತೆಯ ಚರ್ಚೆಯಲ್ಲಿ ಸಾಕಣೆ ಸಾಲ್ಮನ್‌ನ ಬಲೆಪಂಜರಗಳು ಬಹುಕಾಲ ಕೇಂದ್ರದಲ್ಲಿದ್ದವು. ಅವುಗಳಿಂದ ಕಡಲಹೇನು ಹರಡುವುದರ ಬಗ್ಗೆ ಅಲೆಕ್ಸಾಂಡ್ರಾ ಮಾರ್ಟನ್ ದಶಕಗಳ ಕಾಲ ದುಡಿದರು; ಓರ್ಕಾಗಳ ಕೂಗು ಅಭ್ಯಸಿಸಲು ಬ್ರಾಟನ್‌ಗೆ ಬಂದು ನೆಲೆಸಿದವರು ಆಕೆ. ನಮ್‌ಗಿಸ್ ಮತ್ತಿತರ ಮೂಲನಿವಾಸಿ ಸಮುದಾಯಗಳು ಪ್ರಾಂತೀಯ ಸರ್ಕಾರದೊಡನೆ 2018ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಬ್ರಾಟನ್‌ನ ಪಂಜರಗಳು ಒಂದೊಂದಾಗಿ ತೆರವಾಗತೊಡಗಿದವು. ಇಡೀ ಪ್ರಾಂತ್ಯದ ಕಡಲಲ್ಲಿ ತೆರೆದ ಬಲೆಪಂಜರಗಳನ್ನು 2029ರೊಳಗೆ ನಿಲ್ಲಿಸುವುದಾಗಿ ಕೇಂದ್ರ ಸರ್ಕಾರ 2024ರಲ್ಲಿ ಪ್ರಕಟಿಸಿತು.

ಇತರ ನೆಲೆಗಳು

ನಾರ್ವೆಯ ಉತ್ತರದ ಷೆರ್ವಾಯ್ ಸುತ್ತಲಿನ ಕೊಲ್ಲಿಗಳಿಗೆ ಚಳಿಗಾಲದಲ್ಲಿ ಹೆರಿಂಗ್ ಹಿಂಡುಗಳ ಹಿಂದೆ ಓರ್ಕಾಗಳು ಬರುತ್ತವೆ. ಸೂರ್ಯನೇ ಮೂಡದ ಆ ದಿನಗಳಲ್ಲಿ ಕೆಲವೇ ಗಂಟೆಯ ಮಸುಕು ಬೆಳಕಿನಲ್ಲಿ ಕಯಾಕ್ ನಡೆಸುವವರಿದ್ದಾರೆ, ಡೇರೆ ಹಾಕುವವರು ಕಡಿಮೆ. ಅಲಾಸ್ಕಾದ ಸೀವರ್ಡ್ ಬಳಿಯ ಕೊಲ್ಲಿಗಳಲ್ಲೂ ಶಿಬಿರಸಹಿತ ಯಾನ ಉಂಟು. ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳು ಒಂದು ಕಾಲಕ್ಕೆ ಓರ್ಕಾ ಕಯಾಕಿಗೆ ಜಾನ್‌ಸ್ಟೋನ್‌ಗಿಂತಲೂ ಪ್ರಸಿದ್ಧವಾಗಿದ್ದವು. ದಕ್ಷಿಣದ ರೆಸಿಡೆಂಟ್‌ಗಳು ಕ್ಷೀಣಿಸುತ್ತಿರುವುದರಿಂದ 2025ರ ಜನವರಿಯಿಂದ ಅಲ್ಲಿ ಅವುಗಳಿಂದ 1,000 ಗಜ, ಅಂದರೆ 900 ಮೀಟರಿಗೂ ಹೆಚ್ಚು ದೂರ ಇರಬೇಕೆಂಬ ಕಾನೂನು ಜಾರಿಯಲ್ಲಿದೆ. ಅಷ್ಟು ದೂರದಿಂದ, ಕಯಾಕಿನ ತಗ್ಗು ಆಸನದಲ್ಲಿ ಕುಳಿತವರಿಗೆ ರೆಕ್ಕೆಯ ತುದಿ ಕಂಡರೂ ಪುಣ್ಯ. ಅಲ್ಲಿ ಈ ಓರ್ಕಾಗಳನ್ನು ಹತ್ತಿರದಿಂದ ನೋಡಬೇಕೆನ್ನುವವರು ಲೈಮ್ ಕಿಲ್ನ್ ಉದ್ಯಾನದ ದಡದ ಬಂಡೆಗಳ ಮೇಲೆ ಕೂರುತ್ತಾರೆ.